ತಲೆ ಅಲುಗಿತೋ, ಮಿದುಳು ಬದಲಾಯಿತೋ?

ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರದ ಮಲಗಿದ ಬುದ್ಧನ ಗುಡ್ಡವನ್ನು ಈ ಸೀಮೆಯವರಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ದಾರಿಯಲ್ಲಿ ಒಂದು ಜಾಗಕ್ಕೆ ಬಂದಾಗ ಹಣೆ, ಮೂಗು, ಗದ್ದ, ಎದೆ ಒಂದರ ಪಕ್ಕ ಒಂದು ಕೂಡಿಕೊಂಡು ಅಂಗಾತ ಮಲಗಿದ ಮನುಷ್ಯನ ಆಕಾರ ಎದ್ದು ಕಾಣುತ್ತದೆ. ಬಸ್ಸು ಇನ್ನೊಂದಿಷ್ಟು ಮುಂದೆ ಹೋದರೆ ಆ ಮುಖ ಕರಗಿ ಬರಿಯ ಬಂಡೆಗಳು ಉಳಿಯುತ್ತವೆ. ಗುಡ್ಡ ಇದ್ದಲ್ಲೇ ಇದೆ, ನೋಡುವ ಜಾಗ ಬದಲಾಯಿತು. ಮಿದುಳಿನ ಸ್ಕ್ಯಾನಿಂಗ್ ಬಗ್ಗೆ ಮಾತಾಡಬೇಕಾದವನು ಗುಡ್ಡದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಒಬ್ಬರದೇ ತಲೆಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಿಡಿದು ನೋಡುವ ವೈದ್ಯರೂ ಸಂಶೋಧಕರೂ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ: ಕಾಣುತ್ತಿರುವ ವ್ಯತ್ಯಾಸ ಗುಡ್ಡದ್ದೋ, ನಾವು ನಿಂತ ಜಾಗದ್ದೋ? ತಲೆ ಅಲುಗಿತೋ, ಮಿದುಳೇ ಬದಲಾಯಿತೋ? ಸ್ಕ್ಯಾನಿಂಗ್ ನಡುವೆ ನಿಂತು ಮತ್ತೆ ಶುರುವಾದಾಗ ಈ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ತುಂಡಾದ ಸ್ಕ್ಯಾನನ್ನು ಜೋಡಿಸಲು ಬರುತ್ತದೆ, ಜೋಡಿಸಲೂ ಬೇಕು ಎಂಬುದು ನನ್ನ ವಾದ. ಆದರೆ ಎಲ್ಲಿ ತುಂಡಾಯಿತು, ಏಕೆ ತುಂಡಾಯಿತು ಎಂಬುದನ್ನು ಮುಚ್ಚಿಟ್ಟು ಮಾಡಿದ ಜೋಡಣೆ ನಂಬಿಕೆಗೆ ಬಾರದು.

ಸ್ಕ್ಯಾನಿಂಗ್ ಏಕೆ ತುಂಡಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಎಂಆರ್‌ಐ ಯಂತ್ರದ ಸುರಂಗದೊಳಗೆ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಅಲುಗದೆ ಮಲಗಬೇಕು. ಮುಖದ ಮೇಲೆ ಪಂಜರದಂಥ ಕಾಯಿಲ್, ಕಿವಿಗೆ ಬಡಿಯುವ ಸದ್ದು. ವಯಸ್ಸಾದವರಿಗೆ ಮೂತ್ರಕ್ಕೆ ಅವಸರವಾಗುತ್ತದೆ, ಮಕ್ಕಳಿಗೆ ಭಯವಾಗುತ್ತದೆ, ಕೈಕಾಲು ನಡುಗುವವರಿಗೆ ನಡುಕ ತಡೆಯಲಾಗುವುದಿಲ್ಲ, ಬೆನ್ನು ನೋವಿನವರಿಗೆ ಅಂಗಾತ ಮಲಗುವುದೇ ಶಿಕ್ಷೆ. ಕೈಗೆ ಕೊಟ್ಟ ರಬ್ಬರ್ ಗುಂಡನ್ನು ಅದುಮಿದರೆ ಟೆಕ್ನಿಷಿಯನ್ ಒಳಗೆ ಬಂದು ಹೊರಗೆಳೆಯುತ್ತಾರೆ. ಐದು ನಿಮಿಷ ಬಿಟ್ಟು ಮತ್ತೆ ಮಲಗಿಸುತ್ತಾರೆ. ಇದು ಗಂಟೆಯೊಳಗಿನ ತುಂಡು. ಇನ್ನೊಂದು ಬಗೆಯದು ತಿಂಗಳು, ವರ್ಷಗಳ ತುಂಡು. ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರಿನಿಂದ ಮೂರ್ಛೆ ಬಂದವರೋ ಲಕ್ವ ಹೊಡೆದವರೋ ಹೊರಟರೆ ಮೊದಲ ಚಿತ್ರ ಯಾದಗಿರಿಯಲ್ಲಿ, ಎರಡನೆಯದು ಕಲಬುರಗಿ ಅಥವಾ ರಾಯಚೂರಿನಲ್ಲಿ, ಮೂರನೆಯದು ರೈಲು ಹತ್ತಿ ಹೋದ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಆಗಬಹುದು. ತೊಗರಿ ರಾಶಿ ಮುಗಿಯಲಿ ಎಂದು ಎರಡು ತಿಂಗಳು ಮುಂದೆ ಹೋಗಬಹುದು. ಯಂತ್ರ ಬೇರೆ, ಮಲಗಿಸಿದವರು ಬೇರೆ, ತಲೆಯ ಓರೆ ಬೇರೆ. ರೋಗಿ ಮಾತ್ರ ಒಬ್ಬರೇ.

ಹೊಲಕ್ಕೆ ಹದ್ದುಬಸ್ತು ಮಾಡಿಸಿದವರಿಗೆ ಈ ಕೆಲಸದ ಮರ್ಮ ಬೇಗ ತಿಳಿಯುತ್ತದೆ. ಮೋಜಣಿದಾರರು ಬಂದ ಕೂಡಲೇ ಬದುವಿನಿಂದ ಬದುವಿಗೆ ಸರಪಳಿ ಹಿಡಿಯುವುದಿಲ್ಲ. ಬದು ಮಳೆಗೆ ಕೊಚ್ಚಿಹೋಗಿರಬಹುದು, ಪಕ್ಕದವರ ನೇಗಿಲು ಎರಡು ಸಾಲು ಒಳಗೆ ಬಂದಿರಬಹುದು. ಅವರು ಮೊದಲು ಹುಡುಕುವುದು ಬಾಂದು ಕಲ್ಲನ್ನು. ಕಲ್ಲು ಸಿಕ್ಕ ಮೇಲೆ ಹಳೆಯ ನಕ್ಷೆಯನ್ನು ಅದಕ್ಕೆ ಕೂಡಿಸಿ, ಆಮೇಲೆ ಬದು ಎಷ್ಟು ಸರಿದಿದೆ ಎಂದು ಹೇಳುತ್ತಾರೆ. ಸರಿದಿರಬಹುದಾದ ವಸ್ತುವನ್ನೇ ಆಧಾರ ಮಾಡಿಕೊಂಡು ಸರಿದದ್ದನ್ನು ಅಳೆಯಲು ಬರುವುದಿಲ್ಲ. ತಲೆಯ ಚಿತ್ರದಲ್ಲಿ ಬಾಂದು ಕಲ್ಲಿನ ಕೆಲಸ ಮಾಡುವುದು ತಲೆಬುರುಡೆ. ವಯಸ್ಕರಲ್ಲಿ ಮಿದುಳು ವರ್ಷದಿಂದ ವರ್ಷಕ್ಕೆ ತುಸು ಕುಗ್ಗುತ್ತದೆ, ಅದರೊಳಗಿನ ನೀರಿನ ಕುಹರಗಳು ಹಿಗ್ಗುತ್ತವೆ, ಬುರುಡೆಯ ಅಳತೆ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆಕ್ಸ್‌ಫರ್ಡಿನ ಸಂಶೋಧಕರು ಎರಡು ಕಾಲದ ಚಿತ್ರಗಳಿಂದ ಮಿದುಳಿನ ಕುಗ್ಗುವಿಕೆಯನ್ನು ಅಳೆಯುವ ‘ಸಿಯೆನಾ’ ಎಂಬ ವಿಧಾನವನ್ನು 2000ದ ದಶಕದ ಆರಂಭದಲ್ಲಿ ಪ್ರಕಟಿಸಿದಾಗ ಬಳಸಿದ ಉಪಾಯ ಇದೇ. ಚಿತ್ರದ ಅಳತೆ ಹಿಗ್ಗಿದೆಯೋ ಕುಗ್ಗಿದೆಯೋ ಎಂಬುದನ್ನು ಬುರುಡೆಯಿಂದ ತಿಳಿದುಕೊಂಡು, ಆ ಹಿಡಿತದೊಳಗೆ ಮಿದುಳಿನ ಅಂಚು ಎಷ್ಟು ಸರಿದಿದೆ ಎಂದು ನೋಡುವುದು. ಒಂದೇ ದಿನ, ಒಂದೇ ಯಂತ್ರದಲ್ಲಿ ಎದ್ದು ಮತ್ತೆ ಮಲಗಿದ್ದರೆ ಲೆಕ್ಕ ಇನ್ನೂ ಸರಳ. ತಲೆ ಗಟ್ಟಿ ವಸ್ತು ಎಂದುಕೊಂಡರೆ ಆರು ಅಂಕಿ ಸಾಕು: ಎಡಬಲ, ಮೇಲೆಕೆಳಗೆ, ಹಿಂದೆಮುಂದೆ ಎಷ್ಟು ಸರಿಯಿತು ಎಂಬ ಮೂರು, ಹೌದೆಂದು ಆಡಿಸುವಂತೆ, ಇಲ್ಲವೆಂದು ಅಲ್ಲಾಡಿಸುವಂತೆ, ಹೆಗಲಿಗೆ ಒರಗುವಂತೆ ಎಷ್ಟು ತಿರುಗಿತು ಎಂಬ ಮೂರು. ಈ ಆರು ಅಂಕಿಗಳನ್ನು ಕಂಡುಹಿಡಿದರೆ ಎರಡನೆಯ ಚಿತ್ರ ಮೊದಲನೆಯದರ ಮೇಲೆ ಕೂರುತ್ತದೆ.

ಇಷ್ಟು ಸಣ್ಣ ಓರೆಗೆ ಅಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎಂದು ಯಾರಾದರೂ ಕೇಳಬಹುದು. ಒಂದು ನಿಂಬೆಹಣ್ಣನ್ನು ಕೈಗೆ ತೆಗೆದುಕೊಳ್ಳಿ. ನಟ್ಟನಡುವೆ ಕೊಯ್ದರೆ ದೊಡ್ಡ ಬಿಲ್ಲೆ, ತೊಟ್ಟಿನ ಕಡೆ ಕೊಯ್ದರೆ ಸಣ್ಣ ಬಿಲ್ಲೆ. ಹಣ್ಣು ಒಂದೇ. ಸ್ಕ್ಯಾನಿಂಗ್ ಕೂಡ ಮಿದುಳನ್ನು ಹೀಗೇ ಹಾಳೆ ಹಾಳೆಯಾಗಿ ಕೊಯ್ದು ತೋರಿಸುತ್ತದೆ. ನಮ್ಮ ದೇಶದಲ್ಲಿ ಮೂರ್ಛೆ ಬಂದು ಸ್ಕ್ಯಾನಿಂಗ್‌ಗೆ ಹೋದವರಲ್ಲಿ ಎಷ್ಟೋ ಜನರ ಮಿದುಳಿನಲ್ಲಿ ಉಂಗುರದಂಥ ಒಂದೇ ಸಣ್ಣ ಗಂಟು ಕಾಣುತ್ತದೆ. ಲಾಡಿಹುಳುವಿನ ಮರಿ ಕೂತದ್ದೋ ಕ್ಷಯದ ಗಂಟೋ ಇರುತ್ತದೆ. ಔಷಧ ಶುರುಮಾಡಿ ಕೆಲವು ತಿಂಗಳ ಮೇಲೆ ಮತ್ತೆ ಚಿತ್ರ ತೆಗೆದು, ಗಂಟು ಕರಗಿತೋ ಇಲ್ಲವೋ ನೋಡುತ್ತಾರೆ. ಈಗ ಗಂಟಿನ ಅಡ್ಡಳತೆ 12 ಮಿಲಿಮೀಟರ್ ಇದೆ, ಮೊದಲ ಸಲ ಚಿತ್ರದ ಹಾಳೆ ಅದರ ನಡುವನ್ನೇ ಕೊಯ್ದಿದೆ ಎಂದುಕೊಳ್ಳಿ. ಎರಡನೆಯ ಸಲ ಗದ್ದ ಬರೀ 3 ಡಿಗ್ರಿಯಷ್ಟು ಕೆಳಗೆ ಬಾಗಿದೆ. ತಿರುಗುವ ಬಿಂದುವಿನಿಂದ 8 ಸೆಂಟಿಮೀಟರ್ ದೂರದ ಜಾಗದಲ್ಲಿ ಆ ಬಾಗು 4 ಮಿಲಿಮೀಟರಿಗಿಂತ ತುಸು ಹೆಚ್ಚೇ ಸರಿತವಾಗುತ್ತದೆ. ನಡುವಿನಿಂದ 4 ಮಿಲಿಮೀಟರ್ ಆಚೆ ಕೊಯ್ದ ಆ ಗಂಟು ಹಾಳೆಯ ಮೇಲೆ 9 ಮಿಲಿಮೀಟರಿಗೆ ಹತ್ತಿರವಾಗಿ ಕಾಣುತ್ತದೆ, ವಿಸ್ತೀರ್ಣ ಹಿಡಿದರೆ ಮೊದಲಿನ ಸುಮಾರು ಶೇ 56ಕ್ಕೆ ಇಳಿಯುತ್ತದೆ. ವೈದ್ಯರು ಔಷಧ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾರೆ, ಮನೆಯವರು ಹರಕೆ ತೀರಿಸಲು ಹೊರಡುತ್ತಾರೆ. ಗಂಟು ಕೂದಲೆಳೆಯಷ್ಟೂ ಕರಗಿಲ್ಲ. ಇದರ ತಿರುಗುಮುರುಗೂ ಆಗಬಹುದು: ಮೊದಲ ಸಲ ಅಂಚು ಕೊಯ್ದು ಎರಡನೆಯ ಸಲ ನಡುವೆ ಕೊಯ್ದರೆ, ಇದ್ದಷ್ಟೇ ಇರುವ ಗಂಟು ಬೆಳೆದಂತೆ ಕಂಡು ಬೇಡದ ಔಷಧಕ್ಕೆ ದಾರಿಯಾದೀತು. ಅನುಭವಿ ರೇಡಿಯಾಲಜಿಸ್ಟರ ಕಣ್ಣು ಇದನ್ನು ಬಹುಮಟ್ಟಿಗೆ ಹಿಡಿಯುತ್ತದೆ ಎಂಬುದು ನಿಜ, ಆ ಕಣ್ಣಿನ ಮೇಲೆ ನನಗೆ ಗೌರವವಿದೆ. ಆದರೆ ಆ ಕಣ್ಣಿಗೂ ಹಳೆಯ ಚಿತ್ರ ಸಿಗಬೇಕು, ಎರಡೂ ಒಂದೇ ಓರೆಯಲ್ಲಿ ಸಿಗಬೇಕು.

ಜೋಡಣೆಯಿಂದ ಎಲ್ಲ ತುಂಡೂ ಕೂಡಿಬರುತ್ತದೆ ಎಂಬ ಭ್ರಮೆ ಬೇಡ. ಎಂಆರ್‌ಐ ಚಿತ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಗೋಡೆಗೆ ಸುಣ್ಣ ಬಳಿಯುವಾಗ ಕೆಲಸ ಅರ್ಧಕ್ಕೆ ನಿಂತರೆ ಅರ್ಧ ಗೋಡೆ ಬೆಳ್ಳಗಾಗಿರುತ್ತದೆ. ಎಂಆರ್‌ಐ ಹಾಗಲ್ಲ. ಮೂರು ಆಯಾಮದ ಒಂದು ಚಿತ್ರಕ್ಕೆ ಐದಾರು ನಿಮಿಷ ಹಿಡಿಯುತ್ತದೆಂದರೆ, ಆ ಅಷ್ಟೂ ಹೊತ್ತು ಯಂತ್ರ ಇಡೀ ತಲೆಯಿಂದ ಬರುವ ತರಂಗಗಳನ್ನು ಒಂದೊಂದೇ ಬಗೆಯಾಗಿ ಸಂಗ್ರಹಿಸುತ್ತಿರುತ್ತದೆ. ಕೆಲವು ತರಂಗಗಳು ದೊಡ್ಡ ಆಕಾರವನ್ನು ಹೇಳುತ್ತವೆ, ಕೆಲವು ಸಣ್ಣ ಅಂಚುಗಳನ್ನು ಹೇಳುತ್ತವೆ. ಎಲ್ಲ ಸೇರಿದ ಮೇಲೆ ಗಣಿತ ಅದನ್ನು ಚಿತ್ರ ಮಾಡುತ್ತದೆ. ಹಾಗಾಗಿ ನಡುವೆ ನಿಂತ ಚಿತ್ರದಲ್ಲಿ ಅರ್ಧ ಮಿದುಳು ಸಿಗುವುದಿಲ್ಲ, ಇಡೀ ಮಿದುಳೇ ಅಸ್ಪಷ್ಟವಾಗಿ ಸಿಗುತ್ತದೆ, ಅಥವಾ ಏನೂ ಸಿಗುವುದಿಲ್ಲ. ಆ ಐದು ನಿಮಿಷದೊಳಗೆ ತಲೆ ಆಡಿದ್ದರೆ ಅಂಚಿನ ಪಕ್ಕ ನೆರಳಿನಂಥ ಅಲೆಗಳು ಮೂಡುತ್ತವೆ. ಆ ಕೊಳೆಯನ್ನು ಚಿತ್ರ ತಿರುಗಿಸಿ, ಸರಿಸಿ ತೊಳೆಯಲಾಗದು. ಅಂಥದ್ದನ್ನು ಮತ್ತೆ ತೆಗೆಯುವುದೇ ಸರಿ. ಮಿದುಳು ಕೆಲಸ ಮಾಡುವುದನ್ನು ಹಿಡಿಯುವ ಎಫ್‌ಎಂಆರ್‌ಐ ಸಂಗತಿ ಬೇರೆ. ಅಲ್ಲಿ ಒಂದೆರಡು ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಒರಟು ಚಿತ್ರವೊಂದು ಪೂರ್ತಿಯಾಗುತ್ತದೆ. ಹತ್ತು ನಿಮಿಷದ ಓಟ ನಾಲ್ಕನೆಯ ನಿಮಿಷಕ್ಕೆ ನಿಂತರೂ ಆ ನಾಲ್ಕು ನಿಮಿಷದ ನೂರಾರು ಚಿತ್ರಗಳು ಗಟ್ಟಿಯಾಗಿ ಉಳಿದಿರುತ್ತವೆ. ಹೀಗೆ ತುಂಡುಗಳಲ್ಲೇ ಎರಡು ಜಾತಿ. ಚಿತ್ರಕ್ಕೂ ಚಿತ್ರಕ್ಕೂ ನಡುವೆ ಬಿದ್ದ ತುಂಡು ಜೋಡಣೆಗೆ ಒಗ್ಗುತ್ತದೆ, ಚಿತ್ರದ ಹೊಟ್ಟೆಯೊಳಗೆ ಬಿದ್ದ ತುಂಡು ಒಗ್ಗುವುದಿಲ್ಲ.

ಜೋಡಣೆಗೆ ಒಗ್ಗುವ ತುಂಡಿನಲ್ಲೂ ಆರು ಅಂಕಿಯಾಚೆ ಬದಲಾಗುವುದು ಬಹಳ. ರೋಗಿಯನ್ನು ಮತ್ತೆ ಒಳಗೆ ಕಳಿಸಿದಾಗ ಯಂತ್ರ ತನ್ನ ಕಾಂತಕ್ಷೇತ್ರವನ್ನು ಹೊಸದಾಗಿ ಹದ ಮಾಡಿಕೊಳ್ಳುತ್ತದೆ. ಮೂಗಿನ ಹಿಂದೆ, ಕಿವಿಯ ಹಿಂದೆ ಗಾಳಿ ತುಂಬಿದ ಎಲುಬಿನ ಗೂಡುಗಳಿವೆ. ಅವುಗಳ ಹತ್ತಿರ ಕ್ಷೇತ್ರ ಡೊಂಕಾಗುತ್ತದೆ, ಎಫ್‌ಎಂಆರ್‌ಐ ಚಿತ್ರದಲ್ಲಿ ಹಣೆಯ ಹಿಂದಿನ ಮಿದುಳು ಹಿಗ್ಗಿಯೋ ಮಡಚಿಯೋ ಕಾಣುತ್ತದೆ. ತಲೆಯ ಓರೆ ಬದಲಾದರೆ ಈ ಡೊಂಕಿನ ಆಕಾರವೂ ಬದಲಾಗುತ್ತದೆ. ಈಗ ತಲೆಯನ್ನು ಗಟ್ಟಿ ಕಲ್ಲೆಂದು ಭಾವಿಸಿ ತಿರುಗಿಸಿ ಕೂರಿಸಿದರೆ ಹಿಂಭಾಗ ಕೂರುತ್ತದೆ, ಮುಂಭಾಗ ಕೂರುವುದಿಲ್ಲ. ಆದ್ದರಿಂದ ಪ್ರತಿ ಸಲ ಮಲಗಿಸಿದಾಗಲೂ ಕ್ಷೇತ್ರದ ನಕ್ಷೆಯನ್ನು ಹೊಸದಾಗಿ ತೆಗೆದು, ಆಯಾ ತುಂಡಿನ ಡೊಂಕನ್ನು ಆಯಾ ನಕ್ಷೆಯಿಂದಲೇ ತಿದ್ದಿ, ಆಮೇಲೆ ಜೋಡಿಸಬೇಕು. ಬೆಳಗ್ಗೆ ತೆಗೆದ ನಕ್ಷೆಯಿಂದ ಮಧ್ಯಾಹ್ನದ ತುಂಡನ್ನು ತಿದ್ದುವುದು ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ತೊಡಿಸಿದಂತೆ. ತಲೆಯ ಯಾವ ಕಡೆ ಕಾಯಿಲ್‌ಗೆ ಹತ್ತಿರವಾಯಿತೋ ಆ ಕಡೆ ಚಿತ್ರ ಬೆಳ್ಳಗಾಗುತ್ತದೆ, ಅದನ್ನು ಸಮ ಮಾಡಬೇಕು. ಮತ್ತೆ ಶುರುವಾದ ಮೊದಲ ಕೆಲವು ಸೆಕೆಂಡುಗಳ ಚಿತ್ರಗಳು ಹೆಚ್ಚು ಬೆಳಕಾಗಿರುತ್ತವೆ, ಏಕೆಂದರೆ ಅಂಗಾಂಶದ ಕಾಂತತೆ ಇನ್ನೂ ಒಂದು ಮಟ್ಟಕ್ಕೆ ಬಂದು ನಿಂತಿರುವುದಿಲ್ಲ. ಅವನ್ನು ಮೊದಲ ಓಟದಲ್ಲಿ ಕೈಬಿಟ್ಟಂತೆ ಎರಡನೆಯ ಓಟದಲ್ಲೂ ಕೈಬಿಡಬೇಕು. ಮಿದುಳಿನ ನರತಂತುಗಳ ದಿಕ್ಕು ಹುಡುಕುವ ಚಿತ್ರಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಚಿತ್ರವನ್ನು ಎಷ್ಟು ತಿರುಗಿಸಿದೆವೋ ಅದರ ಜೊತೆಗಿರುವ ದಿಕ್ಕುಗಳ ಪಟ್ಟಿಯನ್ನೂ ಅಷ್ಟೇ ತಿರುಗಿಸಬೇಕು, ಇಲ್ಲವಾದರೆ ತಂತು ಓಡುವ ದಾರಿ ತಪ್ಪಾಗಿ ಕಾಣುತ್ತದೆ. ಇವೆಲ್ಲವನ್ನೂ ಒಂದಾದ ಮೇಲೊಂದು ಮಾಡುತ್ತ ಪ್ರತಿ ಸಲ ಹೊಸ ಚಿತ್ರ ಬರೆದರೆ ಸವೆದ ಜೆರಾಕ್ಸಿನ ಜೆರಾಕ್ಸಿನಂತೆ ಅಂಚುಗಳು ಮಸುಕಾಗುತ್ತವೆ. ತಿದ್ದುಪಡಿಗಳನ್ನೆಲ್ಲ ಲೆಕ್ಕದಲ್ಲೇ ಕೂಡಿಸಿಕೊಂಡು ಚಿತ್ರವನ್ನು ಒಂದೇ ಸಲ ಹೊಸದಾಗಿ ಬರೆಯುವುದು ಬಲ್ಲವರ ಪದ್ಧತಿ.

ಎರಡು ಚಿತ್ರಗಳ ಬಣ್ಣವೇ ಬೇರೆಯಾಗಿದ್ದರೆ ಏನು ಗತಿ? ಒಂದು ಬಗೆಯ ಚಿತ್ರದಲ್ಲಿ ಮಿದುಳಿನ ನೀರು ಕಪ್ಪು, ಇನ್ನೊಂದು ಬಗೆಯಲ್ಲಿ ಅದೇ ನೀರು ಬಿಳಿ. ಮೊದಲ ತುಂಡಿನಲ್ಲಿ ಒಂದು ಬಗೆ ಮುಗಿದು ಎರಡನೆಯ ತುಂಡಿನಲ್ಲಿ ಇನ್ನೊಂದು ಬಗೆ ಮುಗಿದಿದ್ದರೆ ಬಿಳಿಗೆ ಬಿಳಿ ತಾಳೆ ಹಾಕುವಂತಿಲ್ಲ. 1990ರ ದಶಕದ ನಡುವಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ತಂಡ, ಬೆಲ್ಜಿಯಂನ ಲೂವೆನ್‌ನಲ್ಲಿ ಇನ್ನೊಂದು ತಂಡ ಇದಕ್ಕೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಂಡುಕೊಂಡ ದಾರಿ ಬಹಳ ಸೊಗಸಾದದ್ದು. ನಮ್ಮ ಪೇಟೆಗಳಲ್ಲಿ ಒಂದೇ ಅಂಗಡಿಯ ಹೆಸರು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದಿರುತ್ತದೆ. ಉರ್ದು ಬಾರದವರೂ ನಾಲ್ಕಾರು ಫಲಕ ನೋಡುವಷ್ಟರಲ್ಲಿ, ಕನ್ನಡದ ಇಂಥ ಅಕ್ಷರ ಬಂದಲ್ಲೆಲ್ಲ ಅಲ್ಲಿ ಇಂಥ ಗುರುತು ಬರುತ್ತದೆ ಎಂದು ಊಹಿಸತೊಡಗುತ್ತಾರೆ. ಆಕಾರ ಹೋಲಬೇಕಾಗಿಲ್ಲ, ಒಂದನ್ನು ಕಂಡಾಗ ಇನ್ನೊಂದನ್ನು ಊಹಿಸಲು ಬಂದರೆ ಸಾಕು. ಒಂದು ಚಿತ್ರದ ಕಪ್ಪು ಇನ್ನೊಂದರ ಯಾವ ಛಾಯೆಯನ್ನು ಎಷ್ಟು ಖಚಿತವಾಗಿ ಮುನ್ಸೂಚಿಸುತ್ತದೆ ಎಂದು ಲೆಕ್ಕಹಾಕಿ, ಆ ಖಚಿತತೆ ಅತಿ ಹೆಚ್ಚಾಗುವ ಓರೆಯನ್ನು ಹುಡುಕುವುದೇ ಆ ವಿಧಾನ. ಅದಕ್ಕೆ ಪರಸ್ಪರ ಮಾಹಿತಿ ಎಂಬ ಹೆಸರಿದೆ. ಇಂದಿಗೂ ಆಸ್ಪತ್ರೆಗಳ ಕಂಪ್ಯೂಟರುಗಳಲ್ಲಿ ಈ ಕೆಲಸ ನಡೆಯುವುದು ಬಹುಪಾಲು ಅದರಿಂದಲೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಕಂಪ್ಯೂಟರೇ ಎಲ್ಲ ಮಾಡುತ್ತದಲ್ಲ, ತುಂಡಿನ ಚರಿತ್ರೆ ಬರೆದಿಡುವ ಗೋಜು ಏಕೆ? ಕಂಪ್ಯೂಟರು ಉತ್ತರ ಕೊಡುತ್ತದೆ, ಯಾವಾಗಲೂ ಕೊಡುತ್ತದೆ, ತೊಂದರೆ ಇರುವುದು ಅಲ್ಲೇ. ಇಬ್ಬರು ಬೇರೆ ಬೇರೆ ಮನುಷ್ಯರ ತಲೆಗಳನ್ನು ಕೊಟ್ಟು ಕೂರಿಸು ಎಂದರೂ ಅದು ಕೂರಿಸಿ, ಇದೇ ಅತ್ಯುತ್ತಮ ಎಂದು ಒಂದು ಅಂಕಿ ಒಪ್ಪಿಸುತ್ತದೆ. ಇನ್ನೂ ಸೂಕ್ಷ್ಮವಾದ ತಪ್ಪೊಂದು ಪಳಗಿದವರ ಕೈಯಲ್ಲೇ ಆಗಿದೆ. ಮೊದಲ ಚಿತ್ರವನ್ನು ಮುಟ್ಟದೆ ಹಾಗೇ ಇಟ್ಟು, ಎರಡನೆಯದನ್ನು ಮಾತ್ರ ತಿರುಗಿಸಿ ಅದರ ಮೇಲೆ ಕೂರಿಸುವುದು ಸಹಜವಾಗಿ ತೋರುತ್ತದೆ. ಆದರೆ ತಿರುಗಿಸಿ ಮತ್ತೆ ಬರೆದ ಚಿತ್ರ ತುಸು ಮಸುಕಾಗಿರುತ್ತದೆ, ಮೊದಲನೆಯದು ಹರಿತವಾಗಿಯೇ ಇರುತ್ತದೆ. ಆ ಮಸುಕು ಮಿದುಳಿನ ಕುಗ್ಗುವಿಕೆಯ ವೇಷ ಹಾಕಿಕೊಂಡು ಬರಬಹುದು. 2010ರ ಆಸುಪಾಸಿನಲ್ಲಿ ಆಲ್‌ಜೈಮರ್ ಕಾಯಿಲೆಯ ಅಧ್ಯಯನಗಳಲ್ಲಿ ಇದೇ ಆಯಿತು. ಒಂದು ಚಿತ್ರಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಮಾಡಿದ್ದರಿಂದ ನೆನಪಿಗೆ ಸಂಬಂಧಿಸಿದ ಭಾಗಗಳ ಸವೆತ ಇದ್ದದ್ದಕ್ಕಿಂತ ಹೆಚ್ಚಾಗಿ ಕಂಡಿತ್ತೆಂದು ಹಲವು ತಂಡಗಳು ತೋರಿಸಿಕೊಟ್ಟವು. ಹೆಚ್ಚಾಗಿ ಕಂಡ ಸವೆತವನ್ನು ನಂಬಿದರೆ ಹೊಸ ಔಷಧದ ಪರೀಕ್ಷೆಗೆ ಕಡಿಮೆ ರೋಗಿಗಳು ಸಾಕು ಎಂಬ ತಪ್ಪು ಲೆಕ್ಕಕ್ಕೂ ದಾರಿಯಾಗುತ್ತದೆ. ಪರಿಹಾರ ಸಮನ್ಯಾಯದ್ದು. ಎರಡು ಚಿತ್ರಗಳಿದ್ದರೆ ಎರಡನ್ನೂ ಅರ್ಧರ್ಧ ದಾರಿ ನಡೆಸಿ ನಡುವೆ ಸೇರಿಸುವುದು. ನಾಲ್ಕೈದಿದ್ದರೆ ಎಲ್ಲದರಿಂದ ಆ ಮನುಷ್ಯನದೇ ಒಂದು ಸರಾಸರಿ ತಲೆಯನ್ನು ಕಟ್ಟಿ, ಯಾವುದಕ್ಕೂ ಹಿರಿತನ ಕೊಡದೆ ಎಲ್ಲವನ್ನೂ ಅದಕ್ಕೆ ಹೊಂದಿಸುವುದು. ಬಾಸ್ಟನ್ನಿನ ಸಂಶೋಧಕರು ಆ ವರ್ಷಗಳಲ್ಲಿ ರೂಪಿಸಿದ ಈ ಕ್ರಮ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಗಣಿತವೆಲ್ಲ ಸರಿಯಾಯಿತು, ಬುರುಡೆಯ ಮೇಲೆ ಬುರುಡೆ ಕೂತಿತು ಎನ್ನೋಣ. ಆಮೇಲೂ ಉಳಿಯುವ ವ್ಯತ್ಯಾಸವೆಲ್ಲ ಕಾಯಿಲೆಯದೇ ಎನ್ನಬಹುದೆ? ಎನ್ನಲಾಗದು. ನಮ್ಮ ಸೀಮೆಯವರು ಹೆಚ್ಚು ಗಮನ ಕೊಡಬೇಕಾದ ಸಾಕ್ಷ್ಯ ಇಲ್ಲಿದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜರ್ಮನಿಯ ಸಂಶೋಧಕರು ಕೆಲವು ಆರೋಗ್ಯವಂತರನ್ನು 16 ಗಂಟೆ ನೀರಿಲ್ಲದೆ ಇರಿಸಿ ಮಿದುಳಿನ ಗಾತ್ರ ಅಳೆದರು. ಶೇ 0.55ರಷ್ಟು ಕುಗ್ಗಿತ್ತು. ನೀರು ಕುಡಿದ ಮೇಲೆ ಶೇ 0.72ರಷ್ಟು ಹಿಗ್ಗಿತು. ವಯಸ್ಸಾದ ಆರೋಗ್ಯವಂತರ ಮಿದುಳು ಒಂದು ವರ್ಷಕ್ಕೆ ಕುಗ್ಗುವುದು ಸುಮಾರು ಶೇ 0.5. ಅಂದರೆ ಒಂದು ರಾತ್ರಿ, ಒಂದು ಬೆಳಗಿನ ಬಾಯಾರಿಕೆ ಚಿತ್ರದಲ್ಲಿ ಒಂದು ವರ್ಷದ ಮುಪ್ಪಿನಷ್ಟು ಕಾಣಬಲ್ಲದು. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಆ ಅಂಕಿಯನ್ನು ಕಲ್ಲಿನಲ್ಲಿ ಕೊರೆಯಬೇಕಾಗಿಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ. ಸಾವಿರಾರು ಚಿತ್ರಗಳನ್ನು ಜಾಲಾಡಿ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೆಳಗಿನ ಮಿದುಳು ಸಂಜೆಯದಕ್ಕಿಂತ ಶೇ 0.2ರ ಆಸುಪಾಸಿನಷ್ಟು ದೊಡ್ಡದಾಗಿ ಕಂಡಿತ್ತು. ಈಗ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯನ್ನು ನೆನೆಯಿರಿ. ನಸುಕಿನಲ್ಲೇ ಹೊರಟವರು ದಾರಿಯಲ್ಲಿ ಮೂತ್ರಕ್ಕೆ ಎಲ್ಲಿ ಹೋಗುವುದೆಂದು ಹೆದರಿ ನೀರು ಕುಡಿದಿರುವುದಿಲ್ಲ. ಹೆಣ್ಣುಮಕ್ಕಳು ಅಂತೂ ಖಂಡಿತ ಕುಡಿದಿರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದ ಮಾತನ್ನು ನೀರಿಗೂ ಅನ್ವಯಿಸಿಕೊಂಡಿರುತ್ತಾರೆ. ಸ್ಕ್ಯಾನಿಂಗ್ ನಡುವೆ ಸುಸ್ತಾಗಿ ಹೊರಬಂದು, ಒಂದು ತಂಬಿಗೆ ನೀರು ಕುಡಿದು ಮತ್ತೆ ಮಲಗಿದರೆ ಎರಡು ತುಂಡುಗಳಲ್ಲಿರುವುದು ಎರಡು ಸ್ಥಿತಿಯ ಮಿದುಳು. ಯಾವ ಆರು ಅಂಕಿಯೂ ಇದನ್ನು ಹಿಡಿಯದು. ನೀರು ಕುಡಿದರು, ಇಂಥ ಹೊತ್ತಿಗೆ ಕುಡಿದರು ಎಂದು ಬರೆದ ಒಂದು ಸಾಲು ಹಿಡಿಯುತ್ತದೆ.

ಇಷ್ಟೆಲ್ಲ ಗೊಂದಲವಿದ್ದರೆ ತುಂಡಾದ ಸ್ಕ್ಯಾನನ್ನು ಬಿಸಾಕಿ, ಪೂರ್ತಿ ಆದವರನ್ನೇ ಲೆಕ್ಕಕ್ಕೆ ಹಿಡಿದರಾಯಿತಲ್ಲ? ಸಂಶೋಧಕರ ನಡುವೆ ಇದು ಗಟ್ಟಿಯಾದ ಆಕ್ಷೇಪ, ಅದಕ್ಕೆ ಆಧಾರವೂ ಇದೆ. ಆರೋಗ್ಯವಂತ ಸ್ವಯಂಸೇವಕರಿಗೆ ಬೇಕೆಂತಲೇ ತಲೆಯಾಡಿಸಲು ಹೇಳಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ದಿನ, ಅದೇ ಮಿದುಳಿನ ಬೂದು ಪದರ ತೆಳುವಾದಂತೆ ಕಂಡಿತು. ಎಫ್‌ಎಂಆರ್‌ಐನಲ್ಲಿ ಮಿಲಿಮೀಟರಿನ ಭಾಗದಷ್ಟು ಅಲುಗಾಟವೂ ಮಿದುಳಿನ ಭಾಗಗಳ ನಡುವೆ ಇಲ್ಲದ ನಂಟನ್ನು ತೋರಿಸಬಲ್ಲದೆಂದು 2012ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ವರದಿ ಮಾಡಿದವು. ಕೆಟ್ಟ ಚಿತ್ರವನ್ನು ಒಳಗೆ ಬಿಟ್ಟುಕೊಂಡರೆ ಅಲುಗುವುದನ್ನೇ ಕಾಯಿಲೆ ಎಂದು ಬರೆದಂತಾಗುತ್ತದೆ, ಒಪ್ಪುತ್ತೇನೆ. ಆದರೆ ಬಿಸಾಕುವುದರಿಂದ ತಪ್ಪು ಹೋಗುವುದಿಲ್ಲ, ಬೇರೆ ಕಡೆಗೆ ಸರಿಯುತ್ತದೆ. ಅಲುಗುವವರು, ಎದ್ದುಬರುವವರು, ಎರಡನೆಯ ಸಲಕ್ಕೆ ಬರಲಾಗದವರು ಯಾರು? ಮುದುಕರು, ಮಕ್ಕಳು, ನಡುಕದವರು, ಮರೆವಿನವರು, ದಿನಗೂಲಿ ಬಿಟ್ಟು ದೂರದಿಂದ ಬಂದವರು. ಅವರನ್ನೆಲ್ಲ ತೆಗೆದುಹಾಕಿ ಉಳಿದವರಿಂದ ಮಾಡಿದ ‘ಸರಾಸರಿ ಮಿದುಳು’ ಅಲುಗದೆ ಮಲಗಬಲ್ಲವರ ಮಿದುಳು.

ಇದು ಬರಿಯ ಊಹೆಯ ಮಾತಲ್ಲ, ಈ ಶಾಸ್ತ್ರ ಹಿಂದೆ ಇದೇ ದಾರಿಯಲ್ಲಿ ನಡೆದುಬಂದಿದೆ. ಒಬ್ಬರ ಚಿತ್ರವನ್ನು ಅವರದಕ್ಕೇ ಹೊಂದಿಸಿದ ಮೇಲೆ ಊರವರೆಲ್ಲರ ಜೊತೆ ಹೋಲಿಸಲು ಒಂದು ಮಾದರಿ ತಲೆ ಬೇಕಾಗುತ್ತದೆ. 1988ರಲ್ಲಿ ಬಂದ ತಲೈರಾಕ್ ನಕ್ಷಾಪುಸ್ತಕದ ಮಾದರಿ ಫ್ರಾನ್ಸಿನ ಅರವತ್ತು ವರ್ಷದ ಒಬ್ಬ ಹೆಂಗಸಿನ ಮಿದುಳು. ಅದರ ಮೇಲೆ ಲೋಕದ ಎಷ್ಟೋ ಮಿದುಳುಗಳನ್ನು ಕೂರಿಸಿದರು. ಆಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಮಂದಿಯ ಸರಾಸರಿ ಬಂತು, ಅದೇ ಎಲ್ಲ ಕಡೆ ರೂಢಿಯಾಯಿತು. 2019ರಲ್ಲಿ ಹೈದರಾಬಾದಿನ ಐಐಐಟಿಯವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯೊಂದಿಗೆ ಕೂಡಿ ನೂರು ಮಂದಿ ಭಾರತೀಯ ಯುವಜನರಿಂದ ಒಂದು ಮಾದರಿ ಕಟ್ಟಿದಾಗ, ಉದ್ದ, ಅಗಲ, ಎತ್ತರ ಮೂರರಲ್ಲೂ ಅದು ಮಾಂಟ್ರಿಯಲ್ ಮಾದರಿಗಿಂತ ಚಿಕ್ಕದಾಗಿತ್ತು. 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 6ರಿಂದ 60 ವರ್ಷದವರೆಗಿನ ಭಾರತೀಯರಿಗಾಗಿ ವಯಸ್ಸಿಗೆ ತಕ್ಕಂತೆ ಐದು ಮಾದರಿಗಳನ್ನು ಪ್ರಕಟಿಸಿದರು. ಚಿಕ್ಕ ತಲೆಯನ್ನು ದೊಡ್ಡ ಅಚ್ಚಿಗೆ ಎಳೆದು ಕೂರಿಸುವಾಗ ಆಗುತ್ತಿದ್ದ ತಪ್ಪು ಇದರಿಂದ ಕಡಿಮೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ ಇನ್ನೊಂದು ದೊಡ್ಡ ಕೆಲಸ ಹಿಡಿದಿದ್ದಾರೆ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮುಪ್ಪಿನಲ್ಲಿ ಮಿದುಳು ಹೇಗೆ ಸಾಗುತ್ತದೆ ಎಂದು ನೋಡುವ ಗುರಿ. ಎಂಆರ್‌ಐ ಅದರ ಒಂದು ಅಂಗ. ಇಷ್ಟು ಉದ್ದದ ಹಾದಿಯಲ್ಲಿ ತುಂಡುಗಳು ಬಾರದೆ ಇರುವುದು ಅಸಾಧ್ಯ. 2020ರ ಲಾಕ್‌ಡೌನ್ ಒಂದೇ ಲೋಕದ ಎಷ್ಟೋ ಸ್ಕ್ಯಾನಿಂಗ್ ಕೋಣೆಗಳ ಬಾಗಿಲು ಹಾಕಿಸಿತು. ತುಂಡನ್ನು ಜೋಡಿಸುವ ವಿದ್ಯೆ ಇಲ್ಲದಿದ್ದರೆ ಹಳ್ಳಿಯ ಮಿದುಳಿನ ಚರಿತ್ರೆಯನ್ನು ಯಾರೂ ಬರೆಯಲಾರರು. ಭೀಮೆಯ ದಂಡೆಯ ಊರುಗಳಿಗೂ ಅಂಥದೊಂದು ದೀರ್ಘ ಅಧ್ಯಯನ ಬರಬೇಕು. ಬಂದಾಗ ನಮ್ಮ ಬಿಸಿಲು, ನಮ್ಮ ದೂರ, ನಮ್ಮ ಸುಗ್ಗಿಯ ದಿನಗಳು ಅದರ ಲೆಕ್ಕದೊಳಗೇ ಇರಬೇಕು.

ಇನ್ನೊಂದು ಆಕ್ಷೇಪ ಉಳಿದಿದೆ. ರಬ್ಬರಿನಂತೆ ಎಳೆದು ಬಗ್ಗಿಸುವ ಜೋಡಣೆಯೂ ಇದೆ. ಅದರಲ್ಲಿ ಯಾವ ಚಿತ್ರವನ್ನೂ ಯಾವುದಕ್ಕೂ ಕೂರಿಸಬಹುದು, ಹಾಗಾದರೆ ಕಾಯಿಲೆಯೇ ಅಳಿಸಿಹೋಗುವುದಿಲ್ಲವೆ? ಹೋಗುತ್ತದೆ. ಕುಗ್ಗಿದ ಭಾಗವನ್ನು ಎಳೆದು ಹಳೆಯ ಅಳತೆಗೆ ತಂದುಬಿಟ್ಟರೆ ಎರಡು ಚಿತ್ರಗಳೂ ಒಂದೇ ಆಗಿ, ನೋಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಎಷ್ಟು ಸಡಿಲ ಕೊಡಬೇಕೆಂಬುದನ್ನು ತುಂಡಿನ ಚರಿತ್ರೆಯೇ ತೀರ್ಮಾನಿಸಬೇಕು. ಅರ್ಧ ಗಂಟೆಯ ತುಂಡಿಗೆ ಆರು ಅಂಕಿ, ಕ್ಷೇತ್ರದ ಡೊಂಕಿನ ತಿದ್ದುಪಡಿ, ಅಷ್ಟೇ. ಅರ್ಧ ಗಂಟೆಯಲ್ಲಿ ಮಿದುಳಿನ ಆಕಾರ ಕಾಯಿಲೆಯಿಂದ ಬದಲಾಗುವ ಸಂಭವ ಬಲು ಕಡಿಮೆ, ಹಾಗಾಗಿ ಅದಕ್ಕಿಂತ ಹೆಚ್ಚಿನ ಸಡಿಲ ಕೊಡಲು ಕಾರಣವಿಲ್ಲ. ಮೂರು ವರ್ಷದ ತುಂಡಿಗೆ ಮೊದಲು ಬುರುಡೆಯಿಂದ ಗಟ್ಟಿ ಜೋಡಣೆ. ಆಮೇಲೆ ಎಳೆಯುವುದಾದರೂ, ಎಲ್ಲಿ ಎಷ್ಟು ಎಳೆಯಬೇಕಾಯಿತು ಎಂಬ ನಕ್ಷೆಯನ್ನೇ ಫಲಿತಾಂಶವೆಂದು ಉಳಿಸಿಕೊಳ್ಳಬೇಕು. ಎಳೆದ ಅಳತೆಯೇ ಬದಲಾವಣೆಯ ಅಳತೆ. ಕೊನೆಗೆ ಮನುಷ್ಯರ ಕಣ್ಣು ಬೇಕೇ ಬೇಕು. ಎರಡು ಚಿತ್ರಗಳನ್ನು ಪರದೆಯ ಒಂದೇ ಜಾಗದಲ್ಲಿ ಇಟ್ಟು, ಒಂದು, ಎರಡು, ಒಂದು, ಎರಡು ಎಂದು ಬದಲಿಸುತ್ತ ನೋಡುವುದು ಹಳೆಯ, ಸರಳ ಪರೀಕ್ಷೆ. ಬುರುಡೆ ನಡುಗಿದರೆ ಜೋಡಣೆ ತಪ್ಪಿದೆ. ಬುರುಡೆ ನಿಶ್ಚಲವಾಗಿದ್ದು ಕುಹರದ ಅಂಚು ಮಾತ್ರ ಉಸಿರಾಡಿದಂತೆ ಹಿಗ್ಗಿ ಕುಗ್ಗಿದರೆ ಅದು ಮಿದುಳಿನ ಸುದ್ದಿ.

ಇದಕ್ಕೆಲ್ಲ ಬೇಕಾದ ಸಾಮಗ್ರಿ ರೋಗಿಯ ಕೈಯಲ್ಲೇ ಇರಬೇಕಾದದ್ದು, ನನ್ನ ಬೇಡಿಕೆ ಇರುವುದು ಅಲ್ಲಿ. ದವಾಖಾನೆಯಿಂದ ಮನೆಗೆ ಬರುವುದು ದೊಡ್ಡ ಲಕೋಟೆಯಲ್ಲಿ ಕಪ್ಪು ಫಿಲ್ಮ್ ಮತ್ತು ರಿಪೋರ್ಟು. ಫಿಲ್ಮಿನಲ್ಲಿರುವುದು ಆಯ್ದ ಕೆಲವು ಹಾಳೆಗಳ ಮುದ್ರಣ ಮಾತ್ರ. ಅದನ್ನು ತಿರುಗಿಸಿ ಇನ್ನೊಂದು ಓರೆಯಿಂದ ನೋಡಲು, ಮುಂದಿನ ಚಿತ್ರದ ಮೇಲೆ ಕೂರಿಸಲು ಬರುವುದಿಲ್ಲ. ಜೊತೆಗೆ ಸಿಡಿ ಕೊಟ್ಟರೆ ಅದರಲ್ಲಿ ಪೂರ್ತಿ ಚಿತ್ರವಿರುತ್ತದೆ, ಹಾಳೆಯ ದಪ್ಪ, ಅದರ ಓರೆ, ತೆಗೆದ ಗಂಟೆ ಎಲ್ಲ ಬರೆದಿರುತ್ತದೆ. ಕೇಳಿ ಪಡೆಯಿರಿ, ಕೊಡದಿದ್ದರೆ ಪೆನ್‌ಡ್ರೈವ್‌ಗಾದರೂ ಹಾಕಿಸಿಕೊಳ್ಳಿ, ಬಿಸಿಲು ಬೀಳದ ಕಡೆ ಇಡಿ, ಮುಂದಿನ ಸಲ ರಾಯಚೂರಿಗೆ ಹೋದರೂ ಹೈದರಾಬಾದಿಗೆ ಹೋದರೂ ಜೊತೆಗೆ ಒಯ್ಯಿರಿ. ಸ್ಕ್ಯಾನಿಂಗ್ ಕೇಂದ್ರದವರಲ್ಲಿ ಕೇಳುವುದು ಇನ್ನೂ ಸಣ್ಣದು. ನಿಲ್ಲಿಸಿದ ಗಂಟೆ, ಮತ್ತೆ ಶುರುಮಾಡಿದ ಗಂಟೆ, ತಲೆಯನ್ನು ಕಾಯಿಲ್‌ನಿಂದ ಹೊರಗೆ ತೆಗೆದರೋ ಇಲ್ಲವೋ, ನೀರು ಕುಡಿದರೋ, ಔಷಧ ಕೊಟ್ಟರೋ, ಯಾವ ಚಿತ್ರ ಪೂರ್ತಿಯಾಗಿ ಯಾವುದು ಅರ್ಧಕ್ಕೆ ನಿಂತಿತು. ರಿಪೋರ್ಟಿನ ಕೆಳಗೆ ಎರಡು ಸಾಲು ಸಾಕು. ಮೂರು ವರ್ಷದ ಮೇಲೆ ಇನ್ನೊಂದು ಊರಿನಲ್ಲಿ, ರೋಗಿಯ ಮುಖವನ್ನೇ ನೋಡಿರದ ಒಬ್ಬ ವೈದ್ಯರು ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವಾಗ ಮೊದಲು ಓದುವುದು ಆ ಎರಡು ಸಾಲುಗಳನ್ನು.